ಅಣ್ಣನಿಗೆ ಹಂಟಿಂಗ್ಟನ್ ಕಾಯಿಲೆ: ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ, ನಾನು ಪರೀಕ್ಷೆ ಮಾಡಿಸಿಕೊಳ್ಳಬೇಕೆ?

ಮಾಲತಿತೀರ (ತೀರ್ಥಹಳ್ಳಿ ತಾಲ್ಲೂಕು):

ಮಾನ್ಯರೇ,

ನಮ್ಮದು ಆಗುಂಬೆಯ ಕಡೆ ಒಂಟಿ ಮನೆ. ಅಡಿಕೆ ತೋಟವೂ ಒಂದಿಷ್ಟು ಗದ್ದೆಯೂ ಇವೆ. ನನ್ನ ಅಣ್ಣನಿಗೆ ಈಗ 43 ವರ್ಷ. ನಾಲ್ಕು ವರ್ಷಗಳ ಹಿಂದೆ, ಜಗಲಿಯಲ್ಲಿ ಸುಮ್ಮನೆ ಕುಳಿತಿದ್ದಾಗಲೂ ಅವನ ಬೆರಳುಗಳು ಹಾರ್ಮೋನಿಯಂ ನುಡಿಸುವವರ ಬೆರಳುಗಳಂತೆ ಆಡುತ್ತಿರುವುದನ್ನು ಮೊದಲು ಗಮನಿಸಿದವರು ಅತ್ತಿಗೆ. ಆಮೇಲೆ ಭುಜ ತಟಕ್ಕನೆ ಮೇಲೇಳುವುದು, ಹುಬ್ಬು ಹಾರುವುದು, ನಡೆಯುವಾಗ ಒಂದು ಹೆಜ್ಜೆ ಓರೆಯಾಗಿ ಬೀಳುವುದು ಶುರುವಾಯಿತು. ಅದಕ್ಕಿಂತ ಹೆಚ್ಚಾಗಿ ನಮ್ಮನ್ನು ಕಂಗೆಡಿಸಿದ್ದು ಅವನ ಕೆಲಸದ ರೀತಿ. ಕೊನೆಕೊಯ್ಲಿನ ಲೆಕ್ಕವನ್ನೆಲ್ಲ ನಾಲಿಗೆಯ ತುದಿಯಲ್ಲಿಯೇ ಇಟ್ಟುಕೊಂಡಿದ್ದವನು ಕಳೆದ ಸುಗ್ಗಿಯಲ್ಲಿ, ಸುಲಿದ ಅಡಿಕೆಯನ್ನು ಹಂಡೆಗೆ ಹಾಕಿಸುವ ಮಾತನ್ನೇ ಎತ್ತದೆ, ಎರಡು ದಿನ ರಾಶಿಯ ಮುಂದೆ ಕುಳಿತಿದ್ದ. ಏಕೆಂದು ಕೇಳಿದ್ದಕ್ಕೆ ಕೈಗೆ ಸಿಕ್ಕಿದ ಬುಟ್ಟಿಯನ್ನು ಅಂಗಳಕ್ಕೆ ಎಸೆದ. ಮದುವೆಯಾದ ಹತ್ತೊಂಬತ್ತು ವರ್ಷಗಳಲ್ಲಿ ಅತ್ತಿಗೆಗೆ ಒಂದು ದಿನವೂ ಗದರಿದವನಲ್ಲ ಅವನು.

ಪೇಟೆಯ ಒಬ್ಬ ವೈದ್ಯರು ನರದ ನಿಶ್ಶಕ್ತಿ ಎಂದು ಹೇಳಿ ಒಂದು ವರ್ಷ ವಿಟಮಿನ್ ಇಂಜೆಕ್ಷನ್ ಕೊಟ್ಟರು. ಕಡೆಗೆ ಬೆಂಗಳೂರಿನಲ್ಲಿ ಎಂ.ಆರ್.ಐ. ಮತ್ತು ರಕ್ತದ ವಂಶವಾಹಿ ಪರೀಕ್ಷೆಯಾಗಿ ಹಂಟಿಂಗ್ಟನ್ ಕಾಯಿಲೆ ಎಂದು ತಿಳಿಯಿತು. ವರದಿಯಲ್ಲಿ ಸಿ.ಎ.ಜಿ. ಎಂಬುದರ ಮುಂದೆ 17 ಮತ್ತು 44 ಎಂದು ಬರೆದಿದೆ. ಅದರ ಅರ್ಥವನ್ನು ಅಲ್ಲಿ ವಿವರಿಸಿದರಾದರೂ, ಆ ಹೊತ್ತಿನಲ್ಲಿ ನಮ್ಮ ಕಿವಿಗೆ ಬಿದ್ದದ್ದು ತಲೆಗೆ ಇಳಿಯಲಿಲ್ಲ.

ಈಗ ಹಿಂದಿನದೆಲ್ಲ ನೆನಪಾಗುತ್ತಿದೆ. ಅಪ್ಪಯ್ಯನಿಗೂ ಐವತ್ತರ ನಂತರ ಹೀಗೆಯೇ ಆಗಿತ್ತು. ಜೀವಮಾನದಲ್ಲಿ ಹೆಂಡ ಮುಟ್ಟದ ಅಪ್ಪಯ್ಯನನ್ನು ಬಸ್ಸಿನಿಂದ ಕುಡುಕನೆಂದು ಇಳಿಸಿದ್ದರು. 2013ರಲ್ಲಿ, ಮೂಳೆ ಚಕ್ಕಳವಾಗಿ, ಕೆಮ್ಮು ಜ್ವರದಲ್ಲಿ ತೀರಿಕೊಂಡರು. ಅಪ್ಪಯ್ಯನ ತಾಯಿಯನ್ನು ಊರಿನವರು ಕುಣಿಯುವ ಅಜ್ಜಿ ಎನ್ನುತ್ತಿದ್ದರಂತೆ. ಮಳೆಗಾಲದಲ್ಲಿ ಕಾಲುಸಂಕದಿಂದ ಜಾರಿ ಹಳ್ಳಕ್ಕೆ ಬಿದ್ದು ಹೋದರಂತೆ.

ನನ್ನ ಪ್ರಶ್ನೆಗಳು ಇಷ್ಟು. ಈ ಕಾಯಿಲೆ ಒಳಗೆ ಏನು ಮಾಡುತ್ತದೆ ಎಂಬುದನ್ನು ಯಾರಾದರೂ ನಮಗೆ ಅರ್ಥವಾಗುವಂತೆ ಹೇಳುವಿರಾ? ಅಣ್ಣ ಎರಡಾಳಿನ ಊಟ ಮಾಡಿದರೂ ಇಳಿಯುತ್ತಿದ್ದಾನೆ, ಬೀಳುತ್ತಾನೆ, ತನಗೆ ಏನೂ ಆಗಿಲ್ಲ ಎಂದು ಸಾಧಿಸುತ್ತಾನೆ. ಇಂಥವನನ್ನು ಮನೆಯಲ್ಲಿ ಹೇಗೆ ನೋಡಿಕೊಳ್ಳಬೇಕು? ಕೊನೆಯದಾಗಿ, ನನಗೆ 34 ವರ್ಷ, ಇನ್ನೂ ಮದುವೆಯಾಗಿಲ್ಲ. ಅಣ್ಣನ ಮಗಳಿಗೆ 17. ನಾವಿಬ್ಬರೂ ಪರೀಕ್ಷೆ ಮಾಡಿಸಿಕೊಳ್ಳಬೇಕೆ?


ತುಂಗಾಸೇತು (ಶಿವಮೊಗ್ಗ, ನರರೋಗ ವಿಭಾಗದಲ್ಲಿ ವೈದ್ಯ):

ತಮ್ಮ ಪತ್ರವನ್ನು ಓದಿ, ಮೊದಲು ಆ ಎರಡು ಸಂಖ್ಯೆಗಳಿಂದಲೇ ಆರಂಭಿಸುವುದು ಉಚಿತವೆನಿಸಿತು. ನಮ್ಮ ನಾಲ್ಕನೆಯ ವರ್ಣತಂತುವಿನಲ್ಲಿ ಹಂಟಿಂಗ್ಟಿನ್ ಎಂಬ ಪ್ರೋಟೀನನ್ನು ತಯಾರಿಸುವ ಸೂಚನೆಯಿರುವ ಒಂದು ವಂಶವಾಹಿ ಇದೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಪ್ರತಿಯೊಬ್ಬರಲ್ಲಿಯೂ ಅದರ ಎರಡು ಪ್ರತಿಗಳಿರುತ್ತವೆ. ಆ ಸೂಚನೆಯ ಆರಂಭದಲ್ಲಿ ಸಿ.ಎ.ಜಿ. ಎಂಬ ಮೂರಕ್ಷರದ ತುಂಡು ಮತ್ತೆ ಮತ್ತೆ ಬರುತ್ತದೆ. 26 ಅಥವಾ ಅದಕ್ಕಿಂತ ಕಡಿಮೆ ಸಲ ಬಂದರೆ ಸಹಜ. 40 ಅಥವಾ ಅದಕ್ಕೂ ಹೆಚ್ಚು ಸಲ ಬಂದರೆ, ಸಾಮಾನ್ಯ ಆಯುಸ್ಸು ಬದುಕಿದವರಲ್ಲಿ ಕಾಯಿಲೆ ಕಾಣಿಸಿಕೊಂಡೇ ತೀರುತ್ತದೆ. 36ರಿಂದ 39 ಇದ್ದವರಲ್ಲಿ ಕೆಲವರಿಗೆ ಬರುತ್ತದೆ, ಕೆಲವರಿಗೆ ಬರುವುದಿಲ್ಲ. 27ರಿಂದ 35 ಇದ್ದವರು ತಾವು ಆರೋಗ್ಯವಾಗಿದ್ದರೂ ಮುಂದಿನ ಪೀಳಿಗೆಗೆ ಹೋಗುವಾಗ ಅದು ಬೆಳೆಯುವ ಸಾಧ್ಯತೆ ಸ್ವಲ್ಪ ಇರುತ್ತದೆ. ತಮ್ಮ ಅಣ್ಣನವರ 17 ಒಳ್ಳೆಯ ಪ್ರತಿ, ಬಹುಮಟ್ಟಿಗೆ ತಾಯಿಯಿಂದ ಬಂದದ್ದು. 44 ತಂದೆಯವರಿಂದ ಬಂದದ್ದು. ಒಂದು ಪ್ರತಿ ಕೆಟ್ಟಿದ್ದರೆ ಸಾಕು, ಕಾಯಿಲೆ ಬರುತ್ತದೆ. ಗಂಡು ಹೆಣ್ಣೆಂಬ ಭೇದ ಇದಕ್ಕಿಲ್ಲ.

ತುಂಡುಗಳು ಹೆಚ್ಚಾದಷ್ಟೂ ಆ ಪ್ರೋಟೀನು ವಿಕಾರಗೊಂಡು ಮೆದುಳಿನ ಕೋಶಗಳನ್ನು ನಿಧಾನವಾಗಿ ಹಾಳುಮಾಡುತ್ತದೆ. ಮೊದಲು ಪೆಟ್ಟು ಬೀಳುವುದು ಮೆದುಳಿನ ಆಳದಲ್ಲಿರುವ ಸ್ಟ್ರಯೇಟಮ್ ಎಂಬ ಭಾಗಕ್ಕೆ. ಈ ಭಾಗದ ಕೆಲಸವೆಂದರೆ ಬೇಡದ ಚಲನೆಯನ್ನು ತಡೆಯುವುದು ಮಾತ್ರವಲ್ಲ. ಒಂದು ಕೆಲಸವನ್ನು ಆರಂಭಿಸುವುದು, ಒಂದರ ನಂತರ ಇನ್ನೊಂದನ್ನು ಕ್ರಮವಾಗಿ ಎತ್ತಿಕೊಳ್ಳುವುದು, ಉಕ್ಕಿ ಬಂದ ಸಿಟ್ಟಿಗೆ ಕಡಿವಾಣ ಹಾಕುವುದು ಕೂಡ ಅದರ ನೆರವಿನಿಂದಲೇ ನಡೆಯುತ್ತದೆ. ತಮ್ಮ ಅಣ್ಣ ಅಡಿಕೆಯ ರಾಶಿಯ ಮುಂದೆ ಎರಡು ದಿನ ಕುಳಿತಿದ್ದರಲ್ಲ, ಅದು ಸೋಮಾರಿತನವೂ ಅಲ್ಲ, ಮರೆವೂ ಅಲ್ಲ. ಅಡಿಕೆಯನ್ನು ಬೇಯಿಸಬೇಕು ಎಂಬುದು ಅವರಿಗೆ ತಿಳಿದೇ ಇದ್ದಿರಬೇಕು. ತಿಳಿದದ್ದು ಕೈಕಾಲಿಗೆ ಇಳಿಯುವ ದಾರಿ ಕಡಿದುಹೋಗಿತ್ತು. ತನಗೆ ಏನೂ ಆಗಿಲ್ಲ ಎನ್ನುವುದೂ ಹಟವಲ್ಲ. ತನ್ನ ಚಲನೆಯನ್ನು, ತನ್ನ ಬದಲಾವಣೆಯನ್ನು ತಾನೇ ಗುರುತಿಸುವ ಶಕ್ತಿಯನ್ನೂ ಈ ಕಾಯಿಲೆ ಕಸಿದುಕೊಳ್ಳುತ್ತದೆ. ಹಾಗಾಗಿ ಸಾಕ್ಷ್ಯ ತೋರಿಸಿ ಒಪ್ಪಿಸಲು ಹೋಗಬೇಡಿ.

ಜಾರ್ಜ್ ಹಂಟಿಂಗ್ಟನ್ ಎಂಬ ಅಮೆರಿಕದ ವೈದ್ಯರು ಈ ಕಾಯಿಲೆಯನ್ನು 1872ರಲ್ಲಿ ವಿವರಿಸಿದಾಗ ಅವರಿಗೆ ಕೇವಲ 22 ವರ್ಷ. ಅವರ ತಂದೆಯೂ ಅಜ್ಜನೂ ಅದೇ ಸೀಮೆಯಲ್ಲಿ ವೈದ್ಯರಾಗಿದ್ದುದರಿಂದ ಒಂದೇ ಮನೆತನಗಳ ಹಲವು ತಲೆಮಾರುಗಳನ್ನು ಆ ಕುಟುಂಬ ನೋಡಿತ್ತು. ಬಾಲಕನಾಗಿದ್ದಾಗ ತಂದೆಯೊಡನೆ ಗಾಡಿಯಲ್ಲಿ ಹೋಗುತ್ತಾ, ಕಾಡಿನ ದಾರಿಯಲ್ಲಿ ಮೈ ಬಳುಕಿಸುತ್ತಾ ಮುಖ ತಿರುಚುತ್ತಾ ಬಂದ ತಾಯಿ ಮಗಳನ್ನು ಕಂಡದ್ದನ್ನು ಅವರು ಮುಪ್ಪಿನ ಹೊತ್ತಿಗೂ ಮರೆತಿರಲಿಲ್ಲ. ನಿಮ್ಮ ಊರಿನ ಕುಣಿಯುವ ಅಜ್ಜಿಯ ಮಾತು ಓದಿದಾಗ ನನಗೆ ಅದೇ ನೆನಪಾಯಿತು. ಅಂದ ಹಾಗೆ, ಈ ಚಲನೆಗೆ ವೈದ್ಯಕೀಯದಲ್ಲಿರುವ ಕೊರಿಯಾ ಎಂಬ ಹೆಸರೂ ಕುಣಿತ ಎಂಬರ್ಥದ ಗ್ರೀಕ್ ಪದದಿಂದಲೇ ಬಂದದ್ದು.

ಚಿಕಿತ್ಸೆಯ ವಿಷಯದಲ್ಲಿ ಸುಳ್ಳು ಭರವಸೆ ಕೊಡಲಾರೆ. ಕಾಯಿಲೆಯ ಓಟವನ್ನು ನಿಲ್ಲಿಸುವ ಮದ್ದು ಇಂದು ಯಾವ ಅಂಗಡಿಯಲ್ಲಿಯೂ ಇಲ್ಲ. ಮೆದುಳಿಗೆ ನೇರವಾಗಿ ಕೊಡುವ ಒಂದು ವಂಶವಾಹಿ ಚಿಕಿತ್ಸೆಯ ಬಗ್ಗೆ 2025ರ ಸೆಪ್ಟೆಂಬರಿನಲ್ಲಿ ಆಶಾದಾಯಕ ಸುದ್ದಿ ಬಂದದ್ದು ನಿಜ. ಆದರೆ ಅದು ಬೆರಳೆಣಿಕೆಯ ರೋಗಿಗಳಲ್ಲಿ ನಡೆದ ಪ್ರಯೋಗ, ತಲೆಬುರುಡೆ ಕೊರೆದು ಮಾಡುವ ದೀರ್ಘ ಶಸ್ತ್ರಕ್ರಿಯೆ. ಅದನ್ನು ನಂಬಿ ಯಾರಾದರೂ ಹಣ ಕೇಳಿದರೆ ಕೊಡಬೇಡಿ. ಲಕ್ಷಣಗಳಿಗೆ ಮಾತ್ರ ಔಷಧಗಳಿವೆ. ಟೆಟ್ರಾಬೆನಜಿನ್ ಚಲನೆಯನ್ನು ತಗ್ಗಿಸುತ್ತದೆ, ಆದರೆ ಕೆಲವರಲ್ಲಿ ಖಿನ್ನತೆಯನ್ನು ತರುತ್ತದೆ. ಖಿನ್ನತೆ ಮೊದಲೇ ಇದ್ದವರಿಗೆ ಕೊಡುವಾಗ ಬಹಳ ಎಚ್ಚರ ಬೇಕು. ಸಿಟ್ಟು, ನಿದ್ರಾಹೀನತೆ, ತೂಕದ ಇಳಿತ ಮೂರೂ ಇರುವವರಿಗೆ ಓಲಾಂಜಪಿನ್‌ನಂಥದ್ದು ಹೊಂದಬಹುದು. ಚಲನೆ ನೋಡುವವರಿಗಷ್ಟೇ ತೊಂದರೆಯಾಗಿ ರೋಗಿಗೆ ಏನೂ ತೊಂದರೆಯಿಲ್ಲದಿದ್ದರೆ ಅದಕ್ಕೆ ಮದ್ದು ಬೇಕಾಗಿಯೇ ಇಲ್ಲ. ಖಿನ್ನತೆಯನ್ನು ಮಾತ್ರ ಎಂದಿಗೂ ಬಿಡಬೇಡಿ. ಅದು ಔಷಧಕ್ಕೆ ಚೆನ್ನಾಗಿ ಬಗ್ಗುತ್ತದೆ, ಮತ್ತು ಈ ಕಾಯಿಲೆಯಲ್ಲಿ ಆತ್ಮಹತ್ಯೆಯ ಅಪಾಯ ಸಾಮಾನ್ಯ ಜನರಿಗಿಂತ ಹೆಚ್ಚು. ತೋಟಕ್ಕೆ ತಂದ ಕೀಟನಾಶಕ, ಕಳೆನಾಶಕಗಳನ್ನು ಇಂದೇ ಬೀಗದೊಳಗೆ ಇಡಿ. ನಡುರಾತ್ರಿಯಲ್ಲಿ ಭಯವಾದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಮಾತನಾಡುತ್ತಾರೆ.


ಕಾನುಮನೆ (ಹೊಸನಗರ ತಾಲ್ಲೂಕು):

ವೈದ್ಯರಲ್ಲಿ ಒಂದು ಸಣ್ಣ ಸಂದೇಹ. ಇಂಥ ಕಾಯಿಲೆಗಳು ಒಂದು ತಲೆಮಾರು ಬಿಟ್ಟು ಇನ್ನೊಂದು ತಲೆಮಾರಿಗೆ ಬರುತ್ತವೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಸೋದರ ಸಂಬಂಧದಲ್ಲಿ ಮದುವೆಯಾಗುವುದರಿಂದ ಬರುತ್ತವೆ ಎಂದೂ ಓದಿದ್ದೇನೆ. ಹಾಗಾದರೆ ಹೊರಗಿನಿಂದ ಹೆಣ್ಣು ತಂದರೆ ಈ ದೋಷ ಕಳೆಯುತ್ತದೆಯೇ?


ತುಂಗಾಸೇತು:

ಕಳೆಯುವುದಿಲ್ಲ. ಸೋದರ ಸಂಬಂಧದ ಮದುವೆಯಿಂದ ಹೆಚ್ಚುವುದು, ಎರಡೂ ಪ್ರತಿಗಳು ಕೆಟ್ಟಾಗ ಮಾತ್ರ ಬರುವ ಬೇರೆ ಜಾತಿಯ ಕಾಯಿಲೆಗಳು. ಹಂಟಿಂಗ್ಟನ್ ಕಾಯಿಲೆಗೆ ಒಂದೇ ಪ್ರತಿ ಸಾಕಾಗುವುದರಿಂದ ಸೊಸೆ ಎಲ್ಲಿಂದ ಬಂದರೂ ಲೆಕ್ಕ ಬದಲಾಗದು. ಹಾಗಾಗಿ ಸೊಸೆಯ ಕಾಲ್ಗುಣವನ್ನು ಹಳಿಯುವುದೂ ತಪ್ಪು. ತಲೆಮಾರು ಬಿಟ್ಟು ಬರುತ್ತದೆ ಎಂಬುದೂ ತಪ್ಪು. ಮಧ್ಯದ ತಲೆಮಾರಿನವರು ಲಕ್ಷಣ ಕಾಣುವ ಮೊದಲೇ ಬೇರೆ ಕಾರಣದಿಂದ ತೀರಿಕೊಂಡಿದ್ದಾಗ ಹಾಗೆ ಭಾಸವಾಗುತ್ತದೆ ಅಷ್ಟೆ. ಕೆಟ್ಟ ಪ್ರತಿ ಬಾರದ ಮಗುವಿನಿಂದ ಮುಂದಿನ ಪೀಳಿಗೆಗೆ ಅದು ಹೋಗುವುದಿಲ್ಲ.

ಪ್ರಶ್ನೆ ಕೇಳಿದವರಿಗೆ ಒಂದು ಮಾತು: ಅಣ್ಣನಿಗೆ ಬಂದಿದೆ ಎಂದ ಮಾತ್ರಕ್ಕೆ ತಮ್ಮ ಪಾಲಿನ ಸಾಧ್ಯತೆ ಕಡಿಮೆಯೂ ಆಗುವುದಿಲ್ಲ, ಹೆಚ್ಚೂ ಆಗುವುದಿಲ್ಲ. ಇದು ಆಸ್ತಿಯ ಹಿಸ್ಸೆಯಲ್ಲ. ಪ್ರತಿಯೊಂದು ಮಗುವಿಗೂ ಬೇರೆ ಬೇರೆಯಾಗಿ ಅರ್ಧಕ್ಕರ್ಧ ಸಾಧ್ಯತೆ. ತಂದೆಯ ಮೂಲಕ ಬಂದಾಗ ತುಂಡುಗಳ ಸಂಖ್ಯೆ ಕೆಲವೊಮ್ಮೆ ಬೆಳೆಯುತ್ತದೆ, ಆಗ ಕಾಯಿಲೆ ಹಿಂದಿನವರಿಗಿಂತ ಬೇಗ ಕಾಣಿಸಿಕೊಳ್ಳುತ್ತದೆ. ತಂದೆಯವರಿಗೆ ಐವತ್ತರ ನಂತರ, ಅಣ್ಣನಿಗೆ ನಲವತ್ತರೊಳಗೆ ಬಂದದ್ದಕ್ಕೆ ಇದು ಕಾರಣವಿರಬಹುದು. ಇನ್ನೊಂದು ವಿಷಯವನ್ನು ಊರಿನವರಿಗೂ ಹೇಳಿ. ಮಂಗನ ಕಾಯಿಲೆಯನ್ನು ಕಂಡ ನಮ್ಮ ಜಿಲ್ಲೆಯ ಜನರಿಗೆ ಅಂಟುವ ಭಯ ಬೇಗ ಹುಟ್ಟುತ್ತದೆ. ಇದು ಮುಟ್ಟಿದರೆ, ಜೊತೆಯಲ್ಲಿ ಉಂಡರೆ ಅಂಟುವ ಕಾಯಿಲೆಯಲ್ಲ.


ಹಿನ್ನೀರಿನಾಚೆ (ಸಾಗರ ತಾಲ್ಲೂಕು):

ನಮ್ಮ ಯಜಮಾನರನ್ನು ಈ ಕಾಯಿಲೆಯಲ್ಲಿ ಹದಿನಾರು ವರ್ಷ ನೋಡಿಕೊಂಡವಳು ನಾನು. ಅವರು ಹೋಗಿ ಎರಡು ವರ್ಷವಾಯಿತು. ವೈದ್ಯರು ಹೇಳಿದ್ದನ್ನು ನಾನು ಹೇಳುವುದಿಲ್ಲ. ಮನೆಯೊಳಗಿನ ಸಂಗತಿಗಳನ್ನು, ಅದರಲ್ಲೂ ನಾನು ತಪ್ಪು ಮಾಡಿ ಕಲಿತದ್ದನ್ನು ಬರೆಯುತ್ತೇನೆ. ನಿಮ್ಮ ಅತ್ತಿಗೆಯವರಿಗೆ ಓದಿ ಹೇಳಿ.

ಮೊದಲ ಮೂರು ವರ್ಷ ನಾನು ಅವರನ್ನು ತಿದ್ದಲು ಹೋದೆ. ಸ್ನಾನ ಮಾಡಿಲ್ಲವೇಕೆ, ಹೇಳಿದ ಕೆಲಸ ಬಿಟ್ಟಿರೇಕೆ, ಮಕ್ಕಳ ಮೇಲೆ ಕೂಗಿದಿರೇಕೆ ಎಂದು ಕೇಳಿ ಕೇಳಿ ಇಬ್ಬರೂ ಸೊರಗಿದೆವು. ಅವರನ್ನು ಬಿಟ್ಟು ಮನೆಯನ್ನೂ ದಿನವನ್ನೂ ತಿದ್ದಲು ತೊಡಗಿದ ಮೇಲೆ ಜಗಳ ಅರ್ಧಕ್ಕಿಳಿಯಿತು. ಏನು ಬೇಕು ಎಂದು ಕೇಳಿದರೆ ಅವರಿಗೆ ಉತ್ತರ ಹೊಳೆಯುತ್ತಿರಲಿಲ್ಲ, ಸಿಟ್ಟು ಬರುತ್ತಿತ್ತು; ಕಾಫಿಯೋ ಕಷಾಯವೋ ಎಂದು ಕೇಳಿ ಸುಮ್ಮನೆ ಕಾದರೆ ಒಂದು ನಿಮಿಷದ ಮೇಲಾದರೂ ಹೇಳುತ್ತಿದ್ದರು. ಆ ಒಂದು ನಿಮಿಷ ಕಾಯುವುದನ್ನು ಕಲಿಯಲು ನನಗೆ ವರ್ಷಗಳೇ ಹಿಡಿದವು. ಆಮೇಲೆ ಎಂಬ ಮಾತು ಅವರಿಗೆ ಅರ್ಥವಾಗುತ್ತಿರಲಿಲ್ಲ, ಎಲ್ಲವೂ ಆ ಕ್ಷಣವೇ ಆಗಬೇಕಿತ್ತು. ಅದಕ್ಕಾಗಿ ಪಡಸಾಲೆಯ ಗೋಡೆಗೆ ಕರಿಹಲಗೆ ಹಾಕಿ, ಏಳುವುದು, ತಿಂಡಿ, ಸ್ನಾನ, ರೇಡಿಯೋ, ಊಟ ಎಂದು ಹೊತ್ತು ಸಹಿತ ಬರೆದಿಟ್ಟೆವು. ನಾನು ಹೇಳಿದರೆ ಕೇಳದವರು ಹಲಗೆ ಹೇಳಿದರೆ ಕೇಳುತ್ತಿದ್ದರು. ನೆಂಟರು ಹೆಚ್ಚು ಬಂದ ದಿನ, ಹಬ್ಬದ ದಿನ, ಕ್ರಮ ತಪ್ಪಿ ಸಿಟ್ಟು ಏರುತ್ತಿತ್ತು. ಅಂಥ ದಿನ ಅವರಿಗೆ ಒಳಕೋಣೆಯಲ್ಲಿಯೇ ಬಡಿಸುತ್ತಿದ್ದೆವು. ಕೆಲವು ನೆಂಟರಿಗೆ ಅದು ಅವಮಾನವೆನಿಸಿತು, ನಾವು ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಊಟದ ವಿಷಯ ದೊಡ್ಡದು. ಮೈ ಸದಾ ಆಡುತ್ತಿರುವುದರಿಂದಲೂ ಕಾಯಿಲೆಯ ಗುಣದಿಂದಲೂ ಇವರಿಗೆ ಶಕ್ತಿ ಬಹಳ ಖರ್ಚಾಗುತ್ತದೆ, ಆದ್ದರಿಂದ ಎರಡಾಳಿನ ಊಟ ಬೇಕಾಗುವುದು ಸಹಜ. ದಿನಕ್ಕೆ ಮೂರು ಹೊತ್ತಿನ ಬದಲು ಐದಾರು ಹೊತ್ತು ಕೊಡಿ. ತುಪ್ಪ, ಬೆಣ್ಣೆ, ಬೆಲ್ಲ, ತೆಂಗಿನ ಹಾಲು, ಗಟ್ಟಿ ಮೊಸರು ಯಾವುದಕ್ಕೂ ಕೈ ಹಿಡಿಯಬೇಡಿ. ಆದರೆ ನುಂಗುವುದು ಕಷ್ಟವಾಗುತ್ತಾ ಹೋಗುತ್ತದೆ. ನಮ್ಮವರಿಗೆ ಎಲ್ಲಕ್ಕಿಂತ ತೊಂದರೆ ಕೊಟ್ಟದ್ದು ನೀರು, ಕಾಫಿಯಂಥ ತೆಳ್ಳಗಿನವು, ಮತ್ತು ತಿಳಿಸಾರು ಹಾಕಿ ಕಲಸಿದ ಬಿಡಿಬಿಡಿ ಅನ್ನ. ಒಂದೇ ತುತ್ತಿನಲ್ಲಿ ನೀರೂ ಅಗುಳೂ ಎರಡೂ ಇದ್ದರೆ ಗಂಟಲು ಗೊಂದಲಕ್ಕೆ ಬೀಳುತ್ತದೆ. ಮಂಡಕ್ಕಿ, ಒಣ ಅವಲಕ್ಕಿ, ಶೇಂಗಾ, ನಾರಿರುವ ಹಲಸಿನ ತೊಳೆ ಇವನ್ನು ಪೂರ್ತಿ ಬಿಟ್ಟೆವು. ಮೆತ್ತಗೆ ಬೇಯಿಸಿದ ಗಟ್ಟಿ ಗಂಜಿಗೆ ತುಪ್ಪ, ರಾಗಿ ಅಂಬಲಿ, ನುಣ್ಣಗೆ ಹಿಸುಕಿದ ಬಾಳೆಹಣ್ಣು, ಸಾರಿನಲ್ಲಿ ಪೂರ್ತಿ ಅದ್ದಿ ಮೆತ್ತಗಾದ ಕಡುಬು ಸುಲಭವಾಗಿ ಇಳಿಯುತ್ತಿದ್ದವು. ನೆಟ್ಟಗೆ ಕೂರಿಸಿ, ಗದ್ದವನ್ನು ಸ್ವಲ್ಪ ಎದೆಯ ಕಡೆಗೆ ಬಾಗಿಸಿ ನುಂಗಲು ಹೇಳುತ್ತಿದ್ದೆ. ಊಟದ ಹೊತ್ತಿಗೆ ಟಿ.ವಿ. ಬಂದ್, ಯಾರೂ ಮಾತನಾಡಿಸುವಂತಿಲ್ಲ, ಊಟವಾದ ಮೇಲೆ ಅರ್ಧ ಗಂಟೆ ಮಲಗುವಂತಿಲ್ಲ. ತುತ್ತು ಇಳಿಯುವ ಮೊದಲೇ ಇನ್ನೊಂದು ತುತ್ತು ತುಂಬಿಕೊಳ್ಳುವ ಆತುರ ಇವರಿಗೆ ಇರುತ್ತದೆ, ಹಾಗಾಗಿ ಸಣ್ಣ ಚಮಚ ಕೊಡಿ. ಊಟವಾದ ಮೇಲೆ ಧ್ವನಿ ಗೊರಗೊರ ಎಂದರೆ ಆಹಾರ ಶ್ವಾಸನಾಳದ ಕಡೆಗೆ ಹೋಗುತ್ತಿದೆ ಎಂದು ತಿಳಿಯಿರಿ. ನಿಮ್ಮ ತಂದೆಯವರ ಕೆಮ್ಮು ಜ್ವರವೂ ಇದೇ ಇದ್ದಿರಬಹುದು. ಈ ಕಾಯಿಲೆಯವರನ್ನು ಹೆಚ್ಚಾಗಿ ಕೊಂಡೊಯ್ಯುವುದೇ ಹಾಗೆ ಬಂದ ನ್ಯುಮೋನಿಯಾ.

ಬೀಳುವುದರ ಬಗ್ಗೆ. ಹಳೆಯ ಮಲೆನಾಡ ಮನೆಗಳ ಹೊಸ್ತಿಲು ಎಷ್ಟು ಎತ್ತರವೆಂದು ನಿಮಗೆ ಗೊತ್ತು. ಅದನ್ನು ಕೀಳಿಸಲು ನಮ್ಮ ಅತ್ತೆಯವರು ಒಪ್ಪಲಿಲ್ಲ, ಹಾಗಾಗಿ ಎರಡೂ ಬದಿಗೆ ಇಳಿಜಾರಾಗಿ ಹಲಗೆ ಹೊಡೆಸಿದೆವು. ಲಕ್ಷ್ಮಿಯೂ ಉಳಿದಳು, ಇವರ ಹಲ್ಲೂ ಉಳಿಯಿತು. ಜಗಲಿಯಿಂದ ಬಚ್ಚಲಿನವರೆಗೆ ಸೊಂಟದ ಎತ್ತರಕ್ಕೆ ಬಿದಿರಿನ ಗಳ ಕಟ್ಟಿಸಿದೆವು. ಮಳೆಗಾಲದಲ್ಲಿ ಅಂಗಳದ ಪಾಚಿಯನ್ನು ವಾರಕ್ಕೊಮ್ಮೆ ಕೆರೆಸಲೇಬೇಕು. ಪ್ಲಾಸ್ಟಿಕ್ ಕುರ್ಚಿ ಇವರ ಆಟಕ್ಕೆ ಮಗುಚಿಬೀಳುತ್ತದೆ. ಬಡಗಿಯಿಂದ ಹಲಸಿನ ಮರದ, ಅಗಲ ಕಾಲಿನ, ತೋಳಿರುವ ಭಾರದ ಕುರ್ಚಿ ಮಾಡಿಸಿ ಹಳೆಯ ಕೌದಿ ಹೊದಿಸಿದೆವು, ಅದು ಕೊನೆಯವರೆಗೂ ಬಾಳಿತು. ಮಂಚ ತೆಗೆದು ನೆಲಕ್ಕೆ ಹಾಸಿಗೆ ಹಾಕಿದೆವು. ಬಚ್ಚಲ ಹಂಡೆಯ ಕುದಿನೀರಿನ ಹತ್ತಿರ ಒಬ್ಬರನ್ನೇ ಬಿಡಬೇಡಿ. ಮೆಟ್ಟುಗತ್ತಿ, ಕುಡುಗೋಲು, ಬೈಕಿನ ಕೀಲಿ ಇವು ಕಣ್ಣಿಗೆ ಬೀಳದಿರಲಿ. ನಮ್ಮವರಿಗೆ ಬೀಡಿ ಚಟವಿತ್ತು; ಎರಡು ಸಲ ಹಾಸಿಗೆ ಸುಟ್ಟ ಮೇಲೆ, ನಾವು ಹಚ್ಚಿಕೊಟ್ಟು ಎದುರಿಗೆ ಕುಳಿತೇ ಸೇದಿಸುತ್ತಿದ್ದೆವು.

ಹರಕೆ, ಆಶ್ಲೇಷ ಬಲಿ ಎಲ್ಲವನ್ನೂ ನಾವೂ ಮಾಡಿಸಿದೆವು. ಮಾಡಿಸಬೇಡಿ ಎಂದು ನಾನು ಹೇಳುವುದಿಲ್ಲ, ಅತ್ತೆಯವರಿಗೆ ಅದರಿಂದ ಸಮಾಧಾನವಾಯಿತು. ಆದರೆ ಒಂದು ಕಡೆ ಮದ್ದಿನ ಪಥ್ಯವೆಂದು ಹಾಲು, ತುಪ್ಪ ಬಿಡಿಸಿದರು, ಎರಡು ತಿಂಗಳಲ್ಲಿ ಏಳು ಕೆ.ಜಿ. ಇಳಿದರು. ಆಸ್ಪತ್ರೆಯ ಮಾತ್ರೆಯನ್ನೂ ಊಟವನ್ನೂ ಬಿಡಿಸುವ ಯಾವ ಮದ್ದೂ ಬೇಡ.

ಕೊನೆಯ ಮೂರು ವರ್ಷ ಮಾತು ಹೋಯಿತು. ಮಾತು ಹೋದರೆ ತಿಳಿವಳಿಕೆಯೂ ಹೋಯಿತೆಂದು ಎಲ್ಲರೂ ಎದುರಿಗೇ ಏನೇನೋ ಆಡುತ್ತಿದ್ದರು. ಅವರಿಗೆ ಎಲ್ಲವೂ ಕೇಳುತ್ತಿತ್ತು, ನಮ್ಮೆಲ್ಲರ ಗುರುತು ಕೊನೆಯವರೆಗೂ ಇತ್ತು. ಯಕ್ಷಗಾನದ ಧ್ವನಿಮುದ್ರಣ ಹಾಕಿದರೆ ಚೆಂಡೆಯ ಪೆಟ್ಟಿಗೆ ಕಣ್ಣು ಅರಳುತ್ತಿತ್ತು. ಹೊಟ್ಟೆಗೆ ನಳಿಕೆ ಹಾಕಿ ಆಹಾರ ಕೊಡುವ ಪ್ರಶ್ನೆ ಬಂದಾಗ ನಮಗೆ ಗೊಂದಲವಾಗಲಿಲ್ಲ, ಏಕೆಂದರೆ ಮಾತು ಇದ್ದಾಗಲೇ ಕೇಳಿಟ್ಟುಕೊಂಡಿದ್ದೆವು, ಅವರು ಬೇಡವೆಂದಿದ್ದರು. ಬೇಕು ಎನ್ನುವವರೂ ಇದ್ದಾರೆ, ಅದೂ ಸರಿಯೇ. ನಿಮ್ಮ ಅಣ್ಣನನ್ನು ಈಗಲೇ, ಸಮಾಧಾನದ ಒಂದು ಹೊತ್ತಿನಲ್ಲಿ ಕೇಳಿ.

ಅತ್ತಿಗೆಯವರಿಗೆ ವಾರಕ್ಕೆ ಒಂದು ದಿನ ಬಿಡುವು ಕೊಡಿ. ನಮ್ಮ ಮೈದುನ ಪ್ರತಿ ವಾರ ಸಂತೆಯ ದಿನ ಬಂದು ಕೂರುತ್ತಿದ್ದರು, ನಾನು ಏನೂ ಕೊಳ್ಳುವುದಿಲ್ಲದಿದ್ದರೂ ಸಂತೆಗೆ ಹೋಗಿ ಬರುತ್ತಿದ್ದೆ.


ಕರಿಹಲಗೆ (ಶಿಕಾರಿಪುರ, ಶಿಕ್ಷಕಿ):

ಪರೀಕ್ಷೆಯ ಪ್ರಶ್ನೆಗೆ ಯಾರೂ ಇನ್ನೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ನನ್ನ ತಾಯಿಗೆ ಈ ಕಾಯಿಲೆ ಇತ್ತು. ನಾನು 29ನೆಯ ವಯಸ್ಸಿನಲ್ಲಿ ಪರೀಕ್ಷೆ ಮಾಡಿಸಿಕೊಂಡೆ; ನನ್ನ ತಮ್ಮ ಇಂದಿನವರೆಗೂ ಮಾಡಿಸಿಕೊಂಡಿಲ್ಲ, ಮಾಡಿಸಿಕೊಳ್ಳುವುದಿಲ್ಲ ಎನ್ನುತ್ತಾನೆ. ನಾವಿಬ್ಬರೂ ಒಂದೇ ಮನೆಯಲ್ಲಿ ಬೆಳೆದವರು, ಒಂದೇ ಸಂಕಟವನ್ನು ಕಂಡವರು, ಆದರೂ ಉತ್ತರ ಬೇರೆಯಾಯಿತು.

ಲಕ್ಷಣವಿಲ್ಲದವರ ಪರೀಕ್ಷೆಯನ್ನು ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆಯಂತೆ ಯಾವುದೋ ಲ್ಯಾಬಿಗೆ ಹೋಗಿ ಮಾಡಿಸಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಮೊದಲು ಆಪ್ತಸಮಾಲೋಚನೆ ನಡೆಯುತ್ತದೆ. ವಂಶವೃಕ್ಷ ಬರೆಸಿಕೊಳ್ಳುತ್ತಾರೆ, ಕಾಯಿಲೆ ಇದೆ ಎಂದು ಬಂದರೆ ನಾಳೆ ಬೆಳಿಗ್ಗೆ ಏನು ಮಾಡುತ್ತೀರಿ ಎಂದು ಕೇಳುತ್ತಾರೆ, ಯೋಚಿಸಲು ಕಾಲ ಕೊಡುತ್ತಾರೆ. ಫಲಿತಾಂಶದ ದಿನವೂ ಬೇಡವೆಂದು ಎದ್ದು ಬರುವ ಹಕ್ಕು ನಿಮಗಿದೆ. ಪರೀಕ್ಷೆ ಹೇಳುವುದು ಬರುತ್ತದೆಯೇ ಇಲ್ಲವೇ ಎಂಬುದನ್ನು ಮಾತ್ರ. ಯಾವ ವರ್ಷ ಬರುತ್ತದೆ, ಸಿಟ್ಟಿನಿಂದ ಆರಂಭವಾಗುತ್ತದೆಯೋ ಕೈಯ ಆಟದಿಂದಲೋ ಎಂಬುದನ್ನು ಹೇಳುವುದಿಲ್ಲ. ತಿಳಿದುಕೊಂಡು ಮಾಡುವ ಚಿಕಿತ್ಸೆ ಇಲ್ಲವಾದ್ದರಿಂದ ಲೋಕದ ಬಹುಪಾಲು ಜನ ಪರೀಕ್ಷೆ ಬೇಡವೆನ್ನುತ್ತಾರೆ. ನ್ಯಾನ್ಸಿ ವೆಕ್ಸ್ಲರ್ ಎಂಬ ವಿಜ್ಞಾನಿಯ ತಾಯಿ ಇದೇ ಕಾಯಿಲೆಯಿಂದ ತೀರಿಕೊಂಡರು. ಅವರು ವೆನೆಜುವೆಲಾದ ಮರಕೈಬೊ ಸರೋವರದ ದಡದ ಹಳ್ಳಿಗಳಿಗೆ ವರ್ಷವರ್ಷವೂ ಹೋಗಿ ಸಾವಿರಾರು ಜನರ ವಂಶಾವಳಿ, ರಕ್ತದ ಮಾದರಿ ಕೂಡಿಸಿದ್ದರಿಂದ 1983ರಲ್ಲಿ ವಂಶವಾಹಿಯ ಸುಳಿವೂ 1993ರಲ್ಲಿ ವಂಶವಾಹಿಯೂ ಸಿಕ್ಕಿತು. ಈ ಪರೀಕ್ಷೆಗೆ ದಾರಿ ಮಾಡಿಕೊಟ್ಟ ಅವರೇ ದಶಕಗಳ ಕಾಲ ತಮ್ಮ ವಿಷಯವನ್ನು ಬಹಿರಂಗವಾಗಿ ಹೇಳಲಿಲ್ಲ; ತಮಗೂ ಕಾಯಿಲೆ ಬಂದಿದೆ ಎಂದು ಲೋಕಕ್ಕೆ ತಿಳಿಸಿದ್ದು 2020ರಲ್ಲಿ.

ನನಗೆ ಬಂದ ಸಂಖ್ಯೆ 19. ಸಂತೋಷವಾಗಬೇಕಿತ್ತು. ಆಸ್ಪತ್ರೆಯಿಂದ ಹೊರಗೆ ಬಂದು ತಮ್ಮನಿಗೆ ಫೋನ್ ಮಾಡಲು ಆಗದೆ ಬಸ್ ನಿಲ್ದಾಣದಲ್ಲಿ ಮೂರು ಗಂಟೆ ಕುಳಿತಿದ್ದೆ. ಒಳ್ಳೆಯ ಉತ್ತರಕ್ಕೂ ಇಂಥ ಭಾರವಿರುತ್ತದೆ ಎಂದು ನನಗೆ ಮೊದಲೇ ಹೇಳಿದ್ದರು, ನಾನು ನಂಬಿರಲಿಲ್ಲ.

ಅಣ್ಣನ ಮಗಳಿಗೆ ಈಗ ಪರೀಕ್ಷೆ ಮಾಡಿಸಬಾರದು. ಲಕ್ಷಣವಿಲ್ಲದ ಮಕ್ಕಳಿಗೆ ಹದಿನೆಂಟು ತುಂಬುವ ಮೊದಲು ಮಾಡುವುದಿಲ್ಲ. ತುಂಬಿದ ಮೇಲೂ ಅದು ಅವಳ ತೀರ್ಮಾನ, ಮನೆಯವರದ್ದಲ್ಲ. ಆದರೆ ಪರೀಕ್ಷೆ ಬೇರೆ, ಹೇಳುವುದು ಬೇರೆ. ತಂದೆಗೆ ಏನಾಗಿದೆ, ಅದು ವಂಶದಲ್ಲಿ ಹೇಗೆ ಬರುತ್ತದೆ ಎಂಬುದನ್ನು ಅವಳಿಗೆ ಮರೆಮಾಚಬೇಡಿ. ನಮ್ಮ ಮನೆಯಲ್ಲಿ ಮುಚ್ಚಿಟ್ಟಿದ್ದರು. ನನಗೆ ಗೊತ್ತಾದದ್ದು ಒಂದು ಮದುವೆಯ ಮನೆಯಲ್ಲಿ, ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರ ಬಾಯಿಂದ.

ನಿಮ್ಮ ಮದುವೆಯ ವಿಷಯದಲ್ಲಿ, ಪರೀಕ್ಷೆ ಮಾಡಿಸಿಕೊಂಡರೂ ಬಿಟ್ಟರೂ ಹುಡುಗಿಗೆ ಮೊದಲೇ ಹೇಳಿ. ಮಕ್ಕಳು ಬೇಕೆಂದಾದರೆ, ಗರ್ಭ ಧರಿಸಿದ ಹನ್ನೊಂದನೆಯ ವಾರದ ಸುಮಾರಿಗೆ ಮಾಡುವ ಪರೀಕ್ಷೆಯೂ, ಪ್ರನಾಳದಲ್ಲಿ ಬೆಳೆಸಿದ ಭ್ರೂಣವನ್ನು ಗರ್ಭಕ್ಕೆ ಸೇರಿಸುವ ಮುನ್ನವೇ ಪರೀಕ್ಷಿಸುವ ವಿಧಾನವೂ ಇವೆ. ಭ್ರೂಣದ ಲಿಂಗ ತಿಳಿಸುವುದನ್ನು ನಿಷೇಧಿಸುವ 1994ರ ಕಾಯಿದೆಯು ಇಂಥ ಆನುವಂಶಿಕ ಕಾಯಿಲೆಯ ಪತ್ತೆಗೆ ನೋಂದಾಯಿತ ಕೇಂದ್ರಗಳಲ್ಲಿ ಅವಕಾಶ ಕೊಡುತ್ತದೆ.


ಹಳೆಯ ಕಡತ (ಭದ್ರಾವತಿ, ನಿವೃತ್ತ ನೌಕರ):

ಕಾಗದಪತ್ರದ ಮಾತು ಎರಡೇ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ 21 ವಿಧಗಳಲ್ಲಿ ದೀರ್ಘಕಾಲದ ನರಸಂಬಂಧಿ ಕಾಯಿಲೆಗಳೂ ಸೇರಿವೆ. ವೈಕಲ್ಯ ಶೇಕಡಾ 40 ಅಥವಾ ಹೆಚ್ಚು ಎಂದು ಪ್ರಮಾಣೀಕರಿಸಿದರೆ ಸೌಲಭ್ಯಗಳಿಗೆ ದಾರಿಯಾಗುತ್ತದೆ, ಯು.ಡಿ.ಐ.ಡಿ. ಗುರುತಿನ ಚೀಟಿಗೆ ಅರ್ಜಿ ಹಾಕಲು ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ.

ಎರಡನೆಯದಕ್ಕೆ ತಡಮಾಡಬೇಡಿ. ಅಣ್ಣನಿಂದ ಮುಖ್ತಿಯಾರುನಾಮೆ (ಅವರ ಪರವಾಗಿ ವ್ಯವಹರಿಸುವ ಅಧಿಕಾರಪತ್ರ) ಬರೆಸಿಕೊಂಡರೆ ಎಲ್ಲ ಮುಗಿಯಿತೆಂದು ಹಲವರು ಭಾವಿಸುತ್ತಾರೆ. ಭಾರತೀಯ ಕರಾರು ಅಧಿನಿಯಮದ 201ನೆಯ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವನ ಚಿತ್ತಸ್ವಾಸ್ಥ್ಯ ಕೆಟ್ಟರೆ ಆ ಅಧಿಕಾರವೂ ಅಲ್ಲಿಗೇ ನಿಲ್ಲುತ್ತದೆ, ಅಂದರೆ ಬೇಕಾದ ಹೊತ್ತಿಗೇ ಅದು ಉಪಯೋಗಕ್ಕೆ ಬಾರದು. (ಆ ಅಧಿನಿಯಮವೂ 1872ರದ್ದೇ ಎಂಬುದು ವೈದ್ಯರ ಬರಹ ಓದಿದಾಗ ಹೊಳೆಯಿತು.) ಆದ್ದರಿಂದ ತೋಟದ ಪಾಲು, ಉಯಿಲು, ಜಂಟಿ ಖಾತೆ ಏನೇ ಇದ್ದರೂ, ಅಣ್ಣನಿಗೆ ತಿಳಿವಳಿಕೆ ಇರುವಾಗಲೇ, ವಕೀಲರ ಸಲಹೆಯಂತೆ, ವೈದ್ಯರ ದೃಢೀಕರಣ ಸಹಿತ ಮಾಡಿ. ಮಾನಸಿಕ ಆರೋಗ್ಯ ಪಾಲನೆಯ 2017ರ ಕಾಯಿದೆಯಡಿ, ಆಸ್ತಿಗಲ್ಲದೆ ಮಾನಸಿಕ ಚಿಕಿತ್ಸೆಯ ವಿಷಯದಲ್ಲಿ ತನ್ನ ಪರವಾಗಿ ತೀರ್ಮಾನಿಸುವ ಪ್ರತಿನಿಧಿಯನ್ನು ಅವರೇ ಮೊದಲೇ ಹೆಸರಿಸಿಡಬಹುದು.


ಮಾಲತಿತೀರ:

ಎಲ್ಲರಿಗೂ ನಾನು ಋಣಿ. ಹಿನ್ನೀರಿನಾಚೆಯ ಅಕ್ಕನವರ ಪತ್ರವನ್ನು ಅತ್ತಿಗೆಗೆ ಓದಿ ಹೇಳಿದೆ; ಅವರು ಅರ್ಧದಲ್ಲಿಯೇ ಎದ್ದು ಒಳಗೆ ಹೋದರು, ಸ್ವಲ್ಪ ಹೊತ್ತಿನ ಮೇಲೆ ಬಂದು ಮುಂದಕ್ಕೆ ಓದಲು ಹೇಳಿದರು. ಕೀಟನಾಶಕದ ಡಬ್ಬಗಳನ್ನು ಅಂದೇ ಪೆಟ್ಟಿಗೆಗೆ ಹಾಕಿ ಬೀಗ ಜಡಿದೆ. ನನ್ನ ಪರೀಕ್ಷೆಯ ವಿಷಯವನ್ನು ಈ ವರ್ಷಕ್ಕೆ ಪಕ್ಕಕ್ಕಿಟ್ಟಿದ್ದೇನೆ. ಈ ಸುಗ್ಗಿಯಲ್ಲಿ ಅಣ್ಣನಿಗೆ ತೋಟದ ಯಾವ ಕೆಲಸವನ್ನೂ ಕೊಡದೆ ಕೂರಿಸುವುದು ಸರಿಯಲ್ಲವೆನಿಸುತ್ತದೆ, ಕೊಟ್ಟರೆ ಕೆಡುತ್ತದೆ ಎಂಬ ಭಯವೂ ಇದೆ. ಅಕ್ಕನವರು ಏನು ಮಾಡಿದಿರಿ?


ಹಿನ್ನೀರಿನಾಚೆ:

ಕೆಲಸ ಕೊಡಿ, ಆದರೆ ಒಂದೇ ತುಂಡನ್ನು ಕೊಡಿ. ಮೇಲ್ವಿಚಾರಣೆ ಬೇಡ, ಕತ್ತಿ ಬೇಡ, ಬೆಂಕಿ ಬೇಡ. ನಮ್ಮವರು ಒಣಗಿದ ಅಡಿಕೆಯನ್ನು ಚಾಪೆಯ ಮೇಲೆ ಹರಡಿಕೊಂಡು ಕೆಟ್ಟದ್ದನ್ನು ಆರಿಸಿ ತೆಗೆಯುತ್ತಿದ್ದರು. ಎದುರಿಗೆ ಒಂದೇ ಬುಟ್ಟಿ ಇಡುತ್ತಿದ್ದೆ, ಅದು ಮುಗಿದ ಮೇಲೆ ಮತ್ತೊಂದು. ಮೊದಲ ಅಡಿಕೆಯನ್ನು ನಾನೇ ಎತ್ತಿ ಅವರ ಕೈಗೆ ಕೊಟ್ಟರೆ ಮುಂದಿನದನ್ನು ಅವರೇ ಎತ್ತಿಕೊಳ್ಳುತ್ತಿದ್ದರು. ಕೊಡದಿದ್ದರೆ ಸಂಜೆಯವರೆಗೂ ಬುಟ್ಟಿಯನ್ನೇ ನೋಡುತ್ತಾ ಕುಳಿತಿರುತ್ತಿದ್ದರು. ಅರ್ಧಕ್ಕರ್ಧ ಅಂಗಳಕ್ಕೆ ಚೆಲ್ಲುತ್ತಿತ್ತು. ರಾತ್ರಿ ಅವರು ಮಲಗಿದ ಮೇಲೆ ನಾನೂ ಮಗನೂ ಅದನ್ನು ಹೆಕ್ಕಿ ಮತ್ತೆ ಆರಿಸಿಡುತ್ತಿದ್ದೆವು.